ಬೆರಳೆಲ್ಲಿ, ನಂಜಿ?

ಯುದ್ಧದ ಸುದ್ದಿ ಬರೆದು ಹೊಟ್ಟೆ ಹೊರೆದವಳು ನಾನು. ಎರಡು ಗಡಿ ನೋಡಿದ್ದೇನೆ, ಲೆಕ್ಕವಿಲ್ಲದಷ್ಟು ಮಿಲಿಟರಿ ಜೀಪು ಹತ್ತಿದ್ದೇನೆ. ಹೆಂಗಸಿಗೆ ಇಲ್ಲೇನು ಕೆಲಸ ಎಂದು ಮೂತಿ ತಿರುಗಿಸಿದ ಅಧಿಕಾರಿಗಳನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ. ಈಗ ಮನೆಗೆ ಬರುವ ಹೊಸ ಪತ್ರಕರ್ತರು ಕಾಫಿ ಕುಡಿಯುತ್ತ ಒಂದೇ ಪ್ರಶ್ನೆ ಕೇಳುತ್ತಾರೆ, ಶೆಲ್ ಬೀಳುವಾಗ ಭಯವಾಗಲಿಲ್ಲವೇ ಎಂದು. ಆಗುತ್ತಿತ್ತು, ಯಾಕಾಗುವುದಿಲ್ಲ, ನನ್ನ ಜೀವವೇನು ಬಿಟ್ಟಿ ಬಂದದ್ದೇ? ಆದರೆ ಕೈಕಾಲು ತಣ್ಣಗಾಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡ ಭಯ ಯಾವುದು ಎಂದು ಕೇಳಿದರೆ ನಾನು ಯಾವ ಗಡಿಯ ಹೆಸರನ್ನೂ ಹೇಳುವುದಿಲ್ಲ. ಅದು ಸೇಲಂನ ನೇಕಾರರ ಬೀದಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ ನಡೆದದ್ದು. ಮೂರು ದಿನ ಇತ್ತು.

ನಮ್ಮ ಮನೆ ಎಂದರೆ ಪಡಸಾಲೆಯೇ. ಹಿಂದೆ ಒಂದು ಅಡುಗೆಮನೆ, ಅದರ ಪಕ್ಕ ಅಕ್ಕಿ ರಾಗಿ ಇಡುವ ಕತ್ತಲೆ ಕೋಣೆ, ಅದರಾಚೆ ಹಿತ್ತಲು. ಉಳಿದದ್ದನ್ನೆಲ್ಲ ಮಗ್ಗಗಳು ತಿಂದುಕೊಂಡಿದ್ದವು. ನೆಲದಲ್ಲಿ ಮೂರು ಗುಣಿ, ಗುಣಿಗೊಂದು ಮಗ್ಗ. ನೇಯುವವರು ಸೊಂಟದವರೆಗೆ ನೆಲದೊಳಗೆ ಇಳಿದು ಕೂರುತ್ತಿದ್ದರು. ಒಂದರಲ್ಲಿ ಅಪ್ಪ. ಇನ್ನೊಂದರಲ್ಲಿ ಕೂಲಿಗೆ ನೇಯುತ್ತಿದ್ದ ಮುನಿಯಣ್ಣ. ಮಾರಂಡಹಳ್ಳಿಯ ಕಡೆ ಹೊಲ ಉಳುವುದು ಬೇಸರವೆಂದು ನಮ್ಮಲ್ಲಿಗೆ ಬಂದು ಕಸುಬು ಕಲಿತವನು. ಮೂರನೆಯದು ಚಿಕ್ಕಪ್ಪನದು, ಅದು ಖಾಲಿ. ಚಿಕ್ಕಪ್ಪ ಎಂಟು ತಿಂಗಳ ಹಿಂದೆ ಒಬ್ಬ ಜವಳಿ ವ್ಯಾಪಾರಿಯ ಜೊತೆ ಲುಂಗಿ ಮಾರಲು ಹಡಗು ಹತ್ತಿ ಪಿನಾಂಗಿಗೆ ಹೋಗಿದ್ದ. ಮಗ್ಗ ಖಾಲಿ ಎಂದೆನೇ ಹೊರತು ಅದರ ಮೇಲೆ ಹಾಸು, ಎಂದರೆ ಉದ್ದಕ್ಕೆ ಬಿಗಿದು ಕಟ್ಟಿದ ನೂಲು, ಇತ್ತು. ದೂರ ಹೋಗುವ ನೇಕಾರ ಮಗ್ಗವನ್ನು ಬರಿದು ಮಾಡಿ ಹೋಗಬಾರದು ಎಂಬುದು ನಮ್ಮ ಮನೆಯ ನಡವಳಿಕೆ. ಹೊಸ ಸೀರೆಗೆ ಹಾಸು ಕಟ್ಟಿ, ಒಂದು ಗೇಣು ನೇಯ್ದು, ಉಳಿದದ್ದನ್ನು ಹಾಗೇ ಬಿಟ್ಟು ಹೋಗಬೇಕು. ಅರ್ಧ ಬಿಟ್ಟ ಬಟ್ಟೆ ಅವನನ್ನು ಎಳೆದು ತರುತ್ತದಂತೆ. ಚಿಕ್ಕಪ್ಪ ಬಿಟ್ಟುಹೋದದ್ದು ಬದನೆ ಬಣ್ಣದ ಸೀರೆ. ಚಿಕ್ಕಮ್ಮ ದಿನಾ ಬೆಳಿಗ್ಗೆ ಅದರ ಮೇಲಿನ ಧೂಳನ್ನು ಒಣ ಬಟ್ಟೆಯಿಂದ ಎಳೆ ಎಳೆಯಾಗಿ ತೆಗೆಯುತ್ತಿದ್ದಳು. ನನಗೆ ಆ ಗುಣಿಯೆಂದರೆ ಹೆದರಿಕೆ. ಕಾಲಾಡದ ಗುಣಿಯಲ್ಲಿ ಏನಾದರೂ ಬಂದು ಕೂರುತ್ತದೆ ಎಂದು ಅಜ್ಜಿ ಹೇಳಿದ್ದಳು. ಏನು ಎಂದು ಹೇಳಿರಲಿಲ್ಲ, ಅದೇ ದೊಡ್ಡ ತೊಂದರೆ.

ಆ ಮನೆಯಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಅದೂ ತಮಿಳು. ಕನ್ನಡ ನಮಗೆ ಊಟದ, ಜಗಳದ, ಹರಕೆಯ ಭಾಷೆ. ಅದರ ಅಕ್ಷರಗಳನ್ನು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ನೂಲಂಗಡಿಯವರು ಓದಿ ಬಿಟ್ಟ ಹಿಂದಿನ ದಿನದ ಪೇಪರನ್ನು ನಾನು ಶಾಲೆಯಿಂದ ಬರುವಾಗ ಇಸಿದುಕೊಂಡು ಬರುತ್ತಿದ್ದೆ. ಅಮ್ಮ ಕೊಟ್ಟ ರಾಗಿ ಹಿಟ್ಟಿನ ಉಂಡೆ ಬಾಯಲ್ಲಿಟ್ಟುಕೊಂಡು, ಕಂಬಕ್ಕೆ ಒರಗಿ, ಮಗ್ಗದ ಸದ್ದಿಗಿಂತ ಮೇಲೆ ಕೇಳುವಂತೆ ಕಿರುಚಿ ಓದುತ್ತಿದ್ದೆ. ತಮಿಳಿನಲ್ಲಿ ಒಂದು ಸಾಲು, ಅದರ ಅರ್ಥ ನಮ್ಮ ಮಾತಿನಲ್ಲಿ ಒಂದು ಸಾಲು. ಅಪ್ಪನಿಗೂ ಮುನಿಯಣ್ಣನಿಗೂ ಯುದ್ಧದ ಸುದ್ದಿ ಎಂದರೆ ಪ್ರಾಣ. ಎಲ್ಲೋ ಒಂದು ಸಣ್ಣ ದೇಶದ ರಾಜನ ಮೇಲೆ ದೊಡ್ಡ ದೇಶದವರು ವಿಮಾನ ಹಾರಿಸಿದ್ದು, ಚೀನಾದ ಊರುಗಳು ಸುಟ್ಟದ್ದು, ಎಲ್ಲ ನಮ್ಮ ಪಡಸಾಲೆಗೆ ಬಂದು ಹೋಗಿದ್ದವು. ಸುದ್ದಿ ಸಪ್ಪೆಯಾಗಿದ್ದರೆ ಲಾಳಿಗಳು ತಮ್ಮ ಪಾಡಿಗೆ ಟಕಟಕ ಓಡುತ್ತಿದ್ದವು. ಸುದ್ದಿ ಭಯಂಕರವಾಗಿದ್ದರೆ ಅಪ್ಪನ ಲಾಳಿ ನಿಲ್ಲುತ್ತಿತ್ತು, ಆಮೇಲೆ ಮುನಿಯಣ್ಣನದು. ಆ ನಿಶ್ಶಬ್ದ ನನ್ನದು. ಹೆಣ್ಣು ಹುಡುಗಿ, ಒಂದು ಮಾತಿನಿಂದ ಎರಡು ಮಗ್ಗ ನಿಲ್ಲಿಸುತ್ತಿದ್ದೆ. ಆ ರುಚಿ ಹತ್ತಿದ ಮೇಲೆ ಪೇಪರಿನಲ್ಲಿ ಇದ್ದಷ್ಟೇ ಓದಿದರೆ ಸಾಕಾಗುತ್ತಿರಲಿಲ್ಲ. ಹತ್ತು ಸತ್ತಿದ್ದರೆ ನೂರು ಮಾಡುತ್ತಿದ್ದೆ. ರಾಜನ ಕುದುರೆಗೂ ಗುಂಡು ತಗುಲಿಸುತ್ತಿದ್ದೆ. ಮುನಿಯಣ್ಣ ಕುದುರೆಗಾಗಿ ಚ್ಚು ಚ್ಚು ಎನ್ನುತ್ತಿದ್ದ.

ಯೂರೋಪಿನಲ್ಲಿ ದೊಡ್ಡ ಯುದ್ಧ ಶುರುವಾಯಿತೆಂದು ಬಂದ ವಾರವೇ ಇದು ನಡೆದದ್ದು. ಅದಕ್ಕೆ ಸ್ವಲ್ಪ ಮೊದಲು ಚಿಕ್ಕಪ್ಪನ ಕಾಗದ ಬಂದಿತ್ತು. ಯಾರ ಕೈಯಲ್ಲೋ ತಮಿಳಿನಲ್ಲಿ ಬರೆಸಿದ್ದು. ದೀಪಾವಳಿಗೆ ಮೊದಲೇ ಹಡಗು ಹತ್ತುತ್ತೇನೆ ಎಂದಿತ್ತು. ಅದನ್ನು ಓದಿದವಳೂ ನಾನೇ. ಆ ವಾರದ ಒಂದು ಸಂಜೆ ನಾನು ತಂದ ಪೇಪರಿನಲ್ಲಿ ಜರ್ಮನಿಯವರು ನೀರೊಳಗಿಂದ ಹೊಡೆದು ಒಂದು ಹಡಗನ್ನು ಮುಳುಗಿಸಿದರೆಂದು ಇತ್ತು. ಓದಿದೆ. ಲಾಳಿಗಳು ನಿಲ್ಲಲಿಲ್ಲ.

“ಎಲ್ಲೋ ವೆಳ್ಳಕಾರ ವೆಳ್ಳಕಾರನ್ನ ಒಡ್ಕೊಂಡ್ರೆ ನಮ್ಗೇನಮ್ಮ,” ಎಂದ ಮುನಿಯಣ್ಣ, ಮಗ್ಗ ನಿಲ್ಲಿಸದೆ; ಬಿಳಿಯರೆಲ್ಲ ಅವನಿಗೆ ವೆಳ್ಳಕಾರರೇ. “ನಮ್ಮ ಕಡೆ ಸುದ್ದಿ ಏನಾರ ಐತಾ ನೋಡು.”

ನನಗೆ ಅವಮಾನವಾಯಿತು. ಇಡೀ ಹಡಗು, ನಮ್ಮ ಮಾತಿನ ಕಪ್ಪಲ್ಲು, ಮುಳುಗಿಸಿದ್ದೇನೆ, ಇವನಿಗೆ ಅದು ಸಾಲದು. ಹೊರದೇಶದ ಬಂದರುಗಳಲ್ಲಿ ನನಗೆ ಬಾಯಿಪಾಠ ಇದ್ದ ಹೆಸರು ಒಂದೇ ಒಂದು, ಕಾಗದಗಳ ಮೇಲೆ ಓದಿ ಓದಿ ಬಂದದ್ದು. ಅದೇ ಬಾಯಿಗೆ ಬಂತು. ಯಾರನ್ನೂ ನೆನೆಯದೆ, ಯಾವುದನ್ನೂ ಯೋಚಿಸದೆ, ಪೇಪರಿನ ಮೇಲೆ ಕಣ್ಣಿಟ್ಟುಕೊಂಡೇ ಕೂಗಿದೆ:

“ಪಿನಾಂಗಿಂದ ಮದ್ರಾಸಿಗೆ ಬರ್ತಿದ್ದ ಕಪ್ಪಲ್ಲು. ಒಬ್ರೂ ಉಳೀಲಿಲ್ಲ!”

ಅಪ್ಪನ ಲಾಳಿ ನಿಂತಿತು. ಮುನಿಯಣ್ಣನದು ನಿಂತಿತು. ಗೆದ್ದೆ ಎಂದುಕೊಂಡು ತಲೆ ಎತ್ತುವಷ್ಟರಲ್ಲಿ ಇನ್ನೊಂದು ಸದ್ದೂ ನಿಂತಿತು. ಹಿತ್ತಲ ಬಾಗಿಲಲ್ಲಿ ಕೂತು ಚಿಕ್ಕಮ್ಮ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಟೆ. ಯಾವ ಯುದ್ಧಕ್ಕೂ ಆ ರಾಟೆ ನಿಂತದ್ದಿಲ್ಲ. ಆಗ ನನಗೆ ಹೊಳೆಯಿತು ನಾನು ಏನು ಹೇಳಿದೆನೆಂದು.

ಅಪ್ಪ ಗುಣಿಯಿಂದ ಕಾಲೆತ್ತಿ ಮೇಲೆ ಬಂದ. ಮೆಲ್ಲಗೆ ಕೇಳಿದ:

“ಇನ್ನೊಂದ್ಸಲ ಓದು ಮಗ.”

ಮೊದಲ ಸುಳ್ಳು ಹುಡುಗುತನ ಎಂದು ಯಾರಾದರೂ ಬಿಟ್ಟಾರು. ಆಗಲೇ “ಸುಳ್ಳು ಅಪ್ಪಾ, ನಾನೇ ಸೇರಿಸಿದೆ” ಎಂದಿದ್ದರೆ ಎರಡು ಏಟಿಗೆ ಮುಗಿದಿರುತ್ತಿತ್ತು. ಆದರೆ ಅಪ್ಪನ ಹಿಂದೆ ಅಜ್ಜಿ ಬಂದು ನಿಂತಿದ್ದಳು. ನನ್ನ ಶಾಲೆ ಬಿಡಿಸಿ ರಾಟೆಗೆ ಕೂರಿಸಬೇಕೆಂದು ಅಜ್ಜಿ ಎರಡು ವರ್ಷದಿಂದ ಪಟ್ಟು ಹಿಡಿದಿದ್ದಳು. ಪೇಪರು ಓದುತ್ತಾಳೆ, ಕಾಗದ ಓದುತ್ತಾಳೆ, ಇರಲಿ ಎಂದು ಅಪ್ಪ ಅದನ್ನು ತಡೆದಿದ್ದ. ಓದಿದ್ದೇ ಸುಳ್ಳು ಎಂದಾದರೆ ಶಾಲೆ ಅವತ್ತಿಗೇ ಮುಗಿಯಿತು. ಪೇಪರನ್ನು ಮುಖದ ಹತ್ತಿರ ಹಿಡಿದು, ಅದೇ ಸುಳ್ಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ತಡವರಿಸುತ್ತ ಓದಿದಂತೆ ನಟಿಸಿ ಮತ್ತೆ ಹೇಳಿದೆ. ಈ ಎರಡನೆಯದಕ್ಕೆ ಕ್ಷಮೆ ಕೇಳಲು ನನಗೆ ಬಾಯಿಲ್ಲ.

ಅಪ್ಪ ಅಂಗಿ ಹಾಕಿಕೊಂಡು ನಿಜ ತಿಳಿಯಲು ಕಾಫಿ ಕ್ಲಬ್ಬಿನ ಕಡೆ ಹೊರಟ. ಅಲ್ಲಿ ಯಾರಾದರೂ ಪೇಪರು ಓದಿದವರು ಸತ್ಯ ಹೇಳುತ್ತಾರೆ, ನಾನು ಸಿಕ್ಕಿಬೀಳುತ್ತೇನೆ ಎಂದು ಕಂಬವನ್ನು ತಬ್ಬಿಕೊಂಡು ನಿಂತೆ. ಹೊತ್ತು ಮುಳುಗುವ ಮೊದಲೇ ಅಪ್ಪ ಬಂದ. ಮುಖ ಬೂದಿಯಾಗಿತ್ತು.

“ನಿಜವಂತೆ. ಕಾಪಿ ಕ್ಲಬ್ಬಾಗೆ ಎಲ್ರೂ ಅದೇ ಮಾತು. ಪಿನಾಂಗು ಕಪ್ಪಲ್ಲೇನೇ ಅಂತ ನನ್ಗೇ ಏಳ್ತಾರೆ.”

ಅಪ್ಪ ಅಂಗಿ ಹುಡುಕುವಷ್ಟರಲ್ಲಿ ಮುನಿಯಣ್ಣ ಹೊಗೆಸೊಪ್ಪಿಗೆಂದು ಬೀದಿಗಿಳಿದಿದ್ದ. ನನ್ನ ಬಾಯಿಂದ ಹೊರಟದ್ದು ಅವನ ಬಾಯಿಂದ ಕಾಫಿ ಕ್ಲಬ್ಬಿಗೆ ಹೋಗಿ, ಅಲ್ಲಿ ನಾಲ್ಕು ಬಾಯಿ ತಿರುಗಿ, ಅಪ್ಪನ ಬೆನ್ನು ಹತ್ತಿ ಮನೆಗೇ ವಾಪಸು ಬಂದಿತ್ತು. ಮುಂದೆ ದೊಡ್ಡ ದೊಡ್ಡ ಆಫೀಸುಗಳಲ್ಲಿ, ಇಸ್ತ್ರಿ ಮಾಡಿದ ಸಮವಸ್ತ್ರದವರು “ಮೂರು ಕಡೆಯಿಂದ ಖಚಿತವಾಗಿದೆ ಮೇಡಂ” ಎಂದಾಗಲೆಲ್ಲ ನನಗೆ ಮುನಿಯಣ್ಣನ ಹೊಗೆಸೊಪ್ಪು ನೆನಪಾಗುತ್ತಿತ್ತು. ಆ ಮೂರೂ ಕಡೆಗೆ ಸುದ್ದಿ ಹೊರಟ ಬಾಯಿ ಯಾವುದು ಎಂದು ಕೇಳುತ್ತಿದ್ದೆ. ಅದಕ್ಕೇ ನನ್ನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆದರೆ ಆ ಸಂಜೆ ನನಗೆ ಅಂಥ ಬುದ್ಧಿಯೇನೂ ಬರಲಿಲ್ಲ. ಬಂದದ್ದು ಇನ್ನೂ ವಿಚಿತ್ರವಾದ ಭಯ: ನಾನು ಹೇಳಿದ್ದೇ ನಿಜವಾಗಿಬಿಟ್ಟಿತೇ ಎಂದು.

ಮರುದಿನದಿಂದ ಮಗ್ಗ ನಿಂತವು. ಸಾವಿನ ಸೂತಕವಿದ್ದರೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಸೂತಕವಲ್ಲ ಎನ್ನಲು ಯಾರಿಗೂ ಧೈರ್ಯವಿಲ್ಲ. ನಾನು ಹುಟ್ಟಿದಾಗಿನಿಂದ ಆ ಮನೆ ಸುಮ್ಮನಿದ್ದದ್ದನ್ನು ಕೇಳಿರಲಿಲ್ಲ. ಸದ್ದಿಲ್ಲದ ಪಡಸಾಲೆಯಲ್ಲಿ ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಮಾತ್ರ ಹೆಚ್ಚಾಯಿತು. ಅಮ್ಮ ದೇವರ ಮುಂದೆ ದೀಪ ಹಚ್ಚಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿಯುವ ಸದ್ದೂ ಕೇಳುತ್ತಿತ್ತು. ಚಿಕ್ಕಮ್ಮ ಅಳಲಿಲ್ಲ. ಅವಳು ಅಳಲಿ ಎಂದು ಅಜ್ಜಿ ಕಾಯುತ್ತಿದ್ದಳೇನೋ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು ಅವಳಿಗೆ. ತಟ್ಟೆ ತೊಳೆಯುವಾಗ ಅವಳ ಕೈಬಳೆಗಳು ಸದ್ದು ಮಾಡಿದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಅಜ್ಜಿ ತೊಪ್ಪೂರಿಗೆ, ಚಿಕ್ಕಮ್ಮನ ತವರಿಗೆ, ಬಸ್ಸಿನವನ ಕೈಯಲ್ಲಿ ಹೇಳಿಕಳಿಸಿದಳು. ಅವಳ ಅಣ್ಣ ತವರಿನ ಸೀರೆ ಹಿಡಿದುಕೊಂಡು ಬರಬೇಕು. ಅವನೆದುರಿಗೆ ಚಿಕ್ಕಪ್ಪನ ಹಾಸು ಕತ್ತರಿಸಬೇಕು. ಹಾಸು ಕತ್ತರಿಸಿದ ಮೇಲೆ ಬಳೆ. ಇದನ್ನೆಲ್ಲ ಅಜ್ಜಿ ಗೋಡೆಗೆ ಹೇಳಿದಂತೆ ಹೇಳಿದಳು.

ಆ ಅಣ್ಣ ಬಸ್ ಕಂಡಕ್ಟರ್. ತಮಿಳು ಓದಬಲ್ಲವನು. ಪೇಪರನ್ನು ಒಲೆಗೆ ಹಾಕಿಬಿಡೋಣವೆಂದು ಹುಡುಕಿದೆ, ಸಿಗಲಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಚಿಕ್ಕಮ್ಮ ನನ್ನನ್ನು ಕರೆದಳು. ಪೇಪರು ಅವಳ ಮಡಿಲಲ್ಲಿತ್ತು, ನಾಲ್ಕು ಮಡಿಕೆಯಾಗಿ.

“ನಂಜಿ, ಅವ್ರಿದ್ದ ಊರೆಸ್ರು ಇದ್ರಾಗೆ ಎಲ್ಲೈತೆ, ತೋರ್ಸು. ನನ್ಗೆ ಓದೂಕೆ ಬರಲ್ಲ. ನೋಡ್ಕೊಂತೀನಿ, ಅಷ್ಟೆ.”

ಎಲ್ಲೂ ಇರಲಿಲ್ಲ. ನನ್ನ ಬೆರಳು ಪುಟದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ ಎಲ್ಲಿತ್ತೋ ಅಲ್ಲಿಗೆ ಹೋಗಿ ಕೂತಿತು. ಅದು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಚಿಕ್ಕಮ್ಮ ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಒಳಗೆ ಹೋಗಿ ಭರಣಿ ತಂದು, ಆ ಹೆಸರಿನ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟಳು. ನಾನು ಹಿತ್ತಲ ಮೂಲೆಗೆ ಓಡಿ ತಿಂದದ್ದನ್ನೆಲ್ಲ ಕಾರಿಕೊಂಡೆ. ಮಗು ಚಿಕ್ಕಪ್ಪನನ್ನು ಹಚ್ಚಿಕೊಂಡಿತ್ತು, ಪಾಪ, ಎಂದು ಅಮ್ಮ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅಂಥ ಹೊತ್ತಿನಲ್ಲಿ ಪ್ರೀತಿ ತೋರಿಸಿದರೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬೀದಿಯ ತುದಿಯಲ್ಲಿ ಕಂಡಕ್ಟರ್ ಅಣ್ಣ ಬರುವುದು ಕಾಣಿಸಿತು, ಕಂಕುಳಲ್ಲಿ ಒಂದು ಪೊಟ್ಟಣ. ಅಡಗಿಕೊಳ್ಳಲು ಜಾಗ ಹುಡುಕಿದೆ. ಕತ್ತಲೆ ಕೋಣೆಗೆ ಅಮ್ಮ ಬರುತ್ತಾಳೆ, ಹಿತ್ತಲಿಗೆ ಎಲ್ಲರೂ ಬರುತ್ತಾರೆ. ಯಾರೂ ಬಾರದ ಜಾಗ ಒಂದೇ. ಸಾಯುವಷ್ಟು ಹೆದರುತ್ತಿದ್ದ ಆ ಗುಣಿಗೆ, ಚಿಕ್ಕಪ್ಪನ ಮಗ್ಗದ ಗುಣಿಗೆ, ನಾನೇ ಇಳಿದು ಮಂಡಿ ಮಡಚಿ ಕೂತೆ. ತಣ್ಣನೆಯ ಮಣ್ಣು. ತಲೆಯ ಮೇಲೆ ಬದನೆ ಬಣ್ಣದ ಎಳೆಗಳು, ಅವುಗಳ ಸಂದಿನಲ್ಲಿ ಮಾಡಿನ ಗಾಜಿನ ಹೆಂಚಿನ ಬೆಳಕು. ಅಲ್ಲಿ ಬೇರೆ ಏನೂ ಕೂತಿರಲಿಲ್ಲ. ನಾನೇ ಕೂತಿದ್ದೆ.

ಮೇಲೆ ಕಾಲುಗಳು ಬಂದವು. ಅಪ್ಪ, ಕಂಡಕ್ಟರ್ ಅಣ್ಣ, ಅಮ್ಮ. ಚಿಕ್ಕಮ್ಮ ಬಂದು ಮಗ್ಗದ ಪಕ್ಕ ಪೇಪರನ್ನು ಹಾಸಿ, ಕುಂಕುಮದ ಬೊಟ್ಟು ಮೇಲೆ ಬರುವಂತೆ ಇಟ್ಟು ಕೂತದ್ದು ಎಳೆಗಳ ನಡುವೆ ಕಾಣಿಸಿತು. ಅಜ್ಜಿಯ ಧ್ವನಿ ಬಂತು:

“ತಾಯಿ ಚೌಡಮ್ಮಾ, ನನ್ ಕೈಯಾಗೇ ಮಾಡ್ಸಿದ್ಯಲ್ಲೇ.”

ಎಳೆಗಳ ಮೇಲೆ ಕತ್ತಿಯ ನೆರಳು ಬಿತ್ತು. ಬಿಗಿಯಾದ ಹಾಸಿನ ಎಳೆ ಕಡಿದರೆ ಟಣ್ಣೆಂದು ಒಂದು ಸಣ್ಣ ಸದ್ದು ಬರುತ್ತದೆ. ಒಂದು ಬಂತು. ಇನ್ನೊಂದು. ಕಡಿದ ಎಳೆ ನನ್ನ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಒಂದು ಹಿಡಿ ಎಳೆ ಒಟ್ಟಿಗೇ ಹರಿಯಿತು, ಚಿಕ್ಕಮ್ಮನ ಬಾಯಿಂದ ಮೂರು ದಿನ ತಡೆದಿಟ್ಟ ಒಂದು ಸದ್ದು ಬಂತು, ಅದು ಅಳುವೂ ಅಲ್ಲ. ನಾನು ಕಿರುಚಿಬಿಟ್ಟೆ.

“ಬ್ಯಾಡಾ! ನಾನೇ ಏಳಿದ್ದು! ಪಿನಾಂಗು ಅಂತ ಬರ್ದಿಲ್ಲ! ಅದು ಎಣ್ಣೆ! ತಲೆಗಾಕೋ ಎಣ್ಣೆ!”

ಗುಣಿಯಿಂದ ಧ್ವನಿ ಬಂದದ್ದಕ್ಕೆ ಅಜ್ಜಿ ಕತ್ತಿ ಬಿಟ್ಟು ಹಿಂದಕ್ಕೆ ಕೂತುಬಿಟ್ಟಳು. ಅಪ್ಪ ರಟ್ಟೆ ಹಿಡಿದು ನನ್ನನ್ನು ಮೇಲಕ್ಕೆಳೆದ. ಯಾರೂ ನನ್ನ ಮಾತು ನಂಬಲಿಲ್ಲ; ಸುಳ್ಳನ್ನು ಎರಡು ಸಲ ಓದಿದಾಗ ನಂಬಿದವರು ನಿಜವನ್ನು ಅರಚಿದಾಗ ಜ್ವರ ನೆತ್ತಿಗೇರಿದೆ ಎಂದರು. ಕಂಡಕ್ಟರ್ ಅಣ್ಣನೇ ಪೇಪರು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಮೇಲಿಂದ ಕೆಳಗೆ ಓದಿದ. ತಿರುಗಿಸಿ ಓದಿದ.

“ಪಿನಾಂಗು ಅಂತ ಎಲ್ಲೂ ಇಲ್ಲಮ್ಮಾ,” ಎಂದ ತಂಗಿಯ ಕಡೆ ನೋಡಿ. “ಮುಳ್ಗಿದ್ದು ಅಮೆರಿಕಾಗೆ ಓಗ್ತಿದ್ದ ಕಪ್ಪಲ್ಲು. ನೀನು ಬೊಟ್ಟಿಟ್ಟಿರೋದು ಎಣ್ಣೆ ಮಾರೋರ ವಿಳಂಬರ.”

ಏಟು ಬಿದ್ದವು. ಅಪ್ಪ ನನ್ನನ್ನು ಹೊಡೆದದ್ದು ಅದೇ ಮೊದಲು, ಹೊಡೆಯುತ್ತಲೇ ಅವನು ಅತ್ತದ್ದೂ ಅದೇ ಮೊದಲು. ಅಜ್ಜಿಗೆ ಉಸಿರು ಬಂದ ಮೇಲೆ ಹೇಳಿದಳು:

“ನಾಳೆಯಿಂದ ಇಸ್ಕೂಲು ಇಲ್ಲ. ಪೇಪರು ಇಲ್ಲ. ಓದು ಬಂದು ಮನೆ ತೊಳ್ದೋಗೋದ್ರಾಗಿತ್ತು.”

ಅದು ನ್ಯಾಯವೇ ಎಂದು ನನಗೂ ಅನ್ನಿಸಿತು. ಆಗ ಚಿಕ್ಕಮ್ಮ ಎದ್ದಳು. ನನ್ನನ್ನು ಕೊಂದುಹಾಕುತ್ತಾಳೆ ಎಂದುಕೊಂಡೆ. ಅವಳು ಪೇಪರನ್ನು ಅಣ್ಣನ ಕೈಯಿಂದ ತೆಗೆದುಕೊಂಡು ಮಡಿಸಿದಳು.

“ಓದ್ಲಿ ಅತ್ತೇ,” ಎಂದಳು. “ಅವ್ರು ಇನ್ನೂ ಬಂದಿಲ್ಲ. ಕಪ್ಪಲ್ಲು ಇನ್ನೂ ಮುಳುಗ್ತಾವೆ. ಓದೋರು ಯಾರವ್ರೆ ಈ ಮನೇಲಿ? ಓದ್ಲಿ. ನಾನು ಪಕ್ದಾಗೆ ಕೂತ್ಕೊಂತೀನಿ. ಬೆರ್ಳಿಟ್ಟು ಓದ್ಬೇಕು.”

ಹಾಗೆ ನನ್ನ ಶಾಲೆ ಉಳಿಯಿತು. ಆ ದಿನದಿಂದ ನಾನು ಓದುವಾಗ ಚಿಕ್ಕಮ್ಮ ರಾಟೆಯನ್ನು ನನ್ನ ಪಕ್ಕಕ್ಕೆ ತಂದು ಕೂರುತ್ತಿದ್ದಳು. ಪ್ರತಿ ಮಾತಿನ ಕೆಳಗೂ ನನ್ನ ಬೆರಳು ಇರಬೇಕು. ನಾನು ಓದಿದ ಮಾತು ಉದ್ದವಾಗಿ ಬೆರಳಿನ ಕೆಳಗಿನ ಮಾತು ಗಿಡ್ಡವಾಗಿದ್ದರೂ ಅವಳಿಗೆ ತಿಳಿಯುತ್ತಿತ್ತು. ಬೆರಳು ಸ್ವಲ್ಪ ನಿಂತರೆ ಸಾಕು, “ಬೆರ್ಳೆಲ್ಲಿ, ನಂಜಿ?” ಎನ್ನುತ್ತಿದ್ದಳು. ಕಪ್ಪಲ್ ಎಂಬ ಮಾತಿನ ಅಕ್ಷರಗಳನ್ನು ಮಾತ್ರ ನನ್ನಿಂದ ಕಲಿತುಕೊಂಡಳು. ನಾನು ಬರುವ ಮೊದಲೇ ಅಪ್ಪ ಪೇಪರು ತಂದಿದ್ದರೆ, ಅವಳು ಅದನ್ನು ನೆಲದ ಮೇಲೆ ಹರಡಿ, ಆ ಒಂದು ಮಾತನ್ನು ಹುಡುಕುತ್ತ ಬಗ್ಗಿರುತ್ತಿದ್ದಳು. ಸಿಗದಿದ್ದ ದಿನ ಅವಳ ಕೈಯ ರೊಟ್ಟಿ ಮೆತ್ತಗಿರುತ್ತಿತ್ತು. ಸಿಕ್ಕ ದಿನ ನಾನು ಓದಿ ಮುಗಿಸುವವರೆಗೆ ಅವಳು ಉಸಿರಾಡುತ್ತಿರಲಿಲ್ಲ, ನಾನೂ ಆಡುತ್ತಿರಲಿಲ್ಲ. ಯಾವ ಸಂಪಾದಕನೂ ಆಮೇಲೆ ನನ್ನನ್ನು ಅಷ್ಟು ಹೆದರಿಸಲಿಲ್ಲ. ಸೋತ ಚೌಕಿಯನ್ನು ಗೆದ್ದೆವೆಂದು ಬರೆಯಿರಿ ಎಂದು ಒಬ್ಬ ಕರ್ನಲ್ ನನ್ನ ಮುಂದೆ ನಕ್ಷೆ ಹರಡಿದಾಗ, “ನೀವು ಬೆರಳಿಟ್ಟು ತೋರಿಸಿ, ನಾನು ಅಲ್ಲಿಗೆ ಹೋಗಿ ನೋಡಿ ಬರೆಯುತ್ತೇನೆ” ಎಂದೆ. ಅವರು ನಕ್ಷೆ ಮಡಿಸಿದರು.

ದೀಪಾವಳಿ ಬಂತು, ಹೋಯಿತು. ಕಾಗದವಿಲ್ಲ. ಹಾಸಿನ ಕಡಿದ ಎಳೆಗಳನ್ನು ಚಿಕ್ಕಮ್ಮ ಒಂದೊಂದಾಗಿ ಹುಡುಕಿ ಗಂಟು ಹಾಕಿದ್ದಳು; ನಾನು ಎದುರಿಗೆ ಕೂತು ತುದಿ ಹಿಡಿದುಕೊಡುತ್ತಿದ್ದೆ. ನನ್ನ ಜೊತೆ ಅವಳು ಅದರ ಮಾತು ಎತ್ತಲಿಲ್ಲ. ಚಳಿ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ತಗಡಿನ ಪೆಟ್ಟಿಗೆ ಹೊತ್ತುಕೊಂಡು, ಗಡ್ಡ ಬಿಟ್ಟ, ಕಪ್ಪಾದ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತ. ಹಡಗಿಗಾಗಿ ತಿಂಗಳುಗಟ್ಟಲೆ ಬಂದರಿನಲ್ಲಿ ಕಾದೆ ಎಂದ. ಅಜ್ಜಿ ಅವನ ಮುಖ ತಡವಿದಳು. ಚಿಕ್ಕಮ್ಮ ಒಳಗೆ ಓಡಿಹೋಗಿ ಅಂತೂ ಅತ್ತಳು, ಮೂರು ದಿನದ್ದು, ಐದು ತಿಂಗಳಿನದು, ಎಲ್ಲವನ್ನೂ ಸೇರಿಸಿ.

ಊಟವಾದ ಮೇಲೆ ಚಿಕ್ಕಪ್ಪ ತನ್ನ ಗುಣಿಗೆ ಇಳಿದು ಕೂತ. ಹಾಸಿನ ಮೇಲೆ ಅಂಗೈ ಆಡಿಸಿದ. ನೇಕಾರನ ಅಂಗೈಗೆ ಕಣ್ಣು ಬೇಕಿಲ್ಲ. ಕೈ ಗಂಟುಗಳ ಮೇಲೆ ಬಂದು ನಿಂತಿತು.

“ಇದೇನಿದು, ಇಷ್ಟ್ ಎಳೆ ಕಡ್ದೋಗೈತೆ? ಯಾರು ಮುಟ್ಟಿದ್ದು ನನ್ ಮಗ್ಗಾನ?”

ಅಪ್ಪ ಗೋಡೆ ನೋಡಿದ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ನಾನು ಬಾಯಿ ತೆರೆದೆ. ಹೇಳಿಬಿಡಬೇಕು ಎಂದೇ ತೆರೆದೆ. ಆಗ ಚಿಕ್ಕಮ್ಮ, ನನ್ನ ಮುಖವನ್ನೇ ನೇರವಾಗಿ ನೋಡುತ್ತ, ರಾಟೆಯನ್ನು ನಿಲ್ಲಿಸದೆ ಹೇಳಿದಳು:

“ಇಲಿ.”

ಬೆರಳೆಲ್ಲಿ ಎಂದು ನಾನು ಕೇಳಲಿಲ್ಲ.